ಕಾಂಕರ್ ಅಂದ್ರೇನು, ಶಿಲ್ಲಿಂಗ್ ಅಂದ್ರೆಷ್ಟು: ಇಂಗ್ಲೆಂಡಿನ ಹಳ್ಳಿ ಅಜ್ಜನ ನೆನಪು ಅರ್ಥವಾಗಬೇಕಾದರೆ

ಅಪ್ಪ ಆರು ತಿಂಗಳ ವೀಸಾದಲ್ಲಿ ನಮ್ಮ ಮನೆಗೆ ಬಂದರು. ಎರಡನೇ ವಾರಕ್ಕೇ ಎದುರು ಮನೆ ಅಜ್ಜನ ಜೊತೆ ದೋಸ್ತಿ ಶುರುವಾಯಿತು. ನಾವಿರುವುದು ಆಕ್ಸ್‌ಫರ್ಡ್‌ಶೈರ್‌ನ ಒಂದು ಸಣ್ಣ ಹಳ್ಳಿಯಲ್ಲಿ. ಊರ ನಡುವೆ ಹುಲ್ಲಿನ ಬಯಲು, ಅಂಚಿನಲ್ಲಿ ಒಂದು ಮರದ ಬೆಂಚು. ಬೆಳಗ್ಗೆ ಹನ್ನೊಂದಾದರೆ ಇಬ್ಬರೂ ಅಲ್ಲಿ ಹಾಜರ್. ಆ ಅಜ್ಜ ಹುಟ್ಟಿದ್ದು ಇದೇ ಊರಲ್ಲಿ, 1945ರಲ್ಲಿ. ಅಪ್ಪನಿಗಿಂತ ಮೂರು ವರ್ಷ ದೊಡ್ಡವರು. ಅಪ್ಪ ತಿಪಟೂರು ಕಡೆ ಹೈಸ್ಕೂಲಿನಲ್ಲಿ ಇಂಗ್ಲಿಷ್ ಮೇಷ್ಟ್ರಾಗಿದ್ದವರು, ಹಾಗಾಗಿ ಭಾಷೆಯ ತೊಂದರೆ ಇಲ್ಲ. ತೊಂದರೆ ಬೇರೆ.

"ಲೋ, ಆಯಪ್ಪ ಆಡೋ ಮಾತು ಪದ ಪದ ಅರ್ಥ ಆಗುತ್ತೆ ಕಣೋ, ವಿಷಯ ಮಾತ್ರ ತಲೆಗೆ ಹೋಗಲ್ಲ" ಅಂದರು ಒಂದು ದಿನ ಊಟಕ್ಕೆ ಕೂತಾಗ. "ಕಾಂಕರ್ ಅಂದ್ರೇನು? ಬಟನ್ ಬಿ ಒತ್ತೋದು ಅಂದ್ರೇನು? ಡಾಕ್ಟರ್ ಬೀಚಿಂಗ್ ಅನ್ನೋನು ಯಾವ ಡಾಕ್ಟರು, ಅವನ ಹೆಸರು ಎತ್ತಿದ್ರೆ ಇವರಿಗೆ ಯಾಕಷ್ಟು ಸಿಟ್ಟು?"

ಮಗನ ಮನೆ, ಮಗಳ ಮನೆ ಅಂತ ಇಂಗ್ಲೆಂಡಿಗೆ ಬರುವ ಎಷ್ಟೋ ಅಪ್ಪ ಅಮ್ಮಂದಿರ ಪಾಡು ಇದು. ನಾನೂ ಹತ್ತು ವರ್ಷದಿಂದ ಇಲ್ಲಿದ್ದೇನೆ, ಸುಮ್ನೆ ತಲೆಯಾಡಿಸಿಕೊಂಡೇ ಕಾಲ ಕಳೆದಿದ್ದೆ. ಅಪ್ಪ ಕೇಳಿದ ಮೇಲೆ ಒಂದೊಂದನ್ನೇ ಹುಡುಕಿ, ಅಜ್ಜನನ್ನೂ ಕೇಳಿ ತಿಳಿದುಕೊಂಡದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

## ಮೊದಲು, ಇಲ್ಲಿ ಹಳ್ಳಿ ಅಂದ್ರೆ ಏನು?

ಇಂಗ್ಲೆಂಡಿನಲ್ಲಿ ಊರಿಗೆ ಮೂರು ಅಳತೆ. ನಾಲ್ಕಾರು ಮನೆ ಇದ್ದರೆ ಹ್ಯಾಮ್ಲೆಟ್. ಅಲ್ಲಿ ಚರ್ಚ್ ಇದ್ದರೆ ವಿಲೇಜ್. ಸಂತೆ ನಡೆಸುವ ಹಕ್ಕು ಇದ್ದರೆ ಟೌನ್. ಇದು ಹಳೆಯ ಲೆಕ್ಕ, ಈಗ ಯಾರೂ ಅಷ್ಟು ಕಟ್ಟುನಿಟ್ಟಾಗಿ ನೋಡುವುದಿಲ್ಲ. ಆದರೂ ಹಳ್ಳಿ ಅಂದರೆ ಜನರ ಕಣ್ಣಿಗೆ ಮೊದಲು ಬರುವುದು ಚರ್ಚಿನ ಗೋಪುರವೇ. ಆ ಚರ್ಚಿಗೆ ಸೇರಿದ ಸೀಮೆಗೆ ಪ್ಯಾರಿಷ್ ಅನ್ನುತ್ತಾರೆ. 1894ರ ಕಾನೂನು ಬಂದ ಮೇಲೆ ಹಳ್ಳಿಗಳಿಗೆ ಪ್ಯಾರಿಷ್ ಕೌನ್ಸಿಲ್ ಬಂತು. ನಮ್ಮ ಗ್ರಾಮ ಪಂಚಾಯಿತಿ ಥರ ಅಂದುಕೊಳ್ಳಿ, ಅಧಿಕಾರ ಮಾತ್ರ ಬಹಳ ಕಡಿಮೆ.

ಊರುಗಳು ಬಹಳ ಹಳೆಯವು. 1086ರಲ್ಲಿ ಆಗಿನ ರಾಜ ವಿಲಿಯಂ ತೆರಿಗೆಗಾಗಿ ಮಾಡಿಸಿದ ಲೆಕ್ಕದಲ್ಲೇ 13,000ಕ್ಕೂ ಹೆಚ್ಚು ಊರುಗಳ ಹೆಸರಿದೆ. ಅವುಗಳಲ್ಲಿ ಬಹಳಷ್ಟು ಇವತ್ತಿಗೂ ಇವೆ.

ಊರ ನಡುವಿನ ಹುಲ್ಲಿನ ಬಯಲಿಗೆ ವಿಲೇಜ್ ಗ್ರೀನ್ ಅನ್ನುತ್ತಾರೆ. ಅಪ್ಪನಿಗೆ ಇದನ್ನು ಅರ್ಥ ಮಾಡಿಸಲು ಒಂದೇ ಪದ ಸಾಕಾಯಿತು: ಗೋಮಾಳ. ಊರಿನ ದನ, ಕುರಿ, ಬಾತುಕೋಳಿ ಎಲ್ಲ ಮೇಯುತ್ತಿದ್ದ ಸಾರ್ವಜನಿಕ ಜಾಗ. ಊರಾಚೆ ಇನ್ನೂ ದೊಡ್ಡ ದೊಡ್ಡ ಸಾಮೂಹಿಕ ಜಮೀನುಗಳಿದ್ದವು. ಅವಕ್ಕೆಲ್ಲ ಬೇಲಿ ಹಾಕಿ ಖಾಸಗಿ ಮಾಡುವ 5,200ರಷ್ಟು ಕಾನೂನುಗಳು 1604ರಿಂದ 1914ರ ನಡುವೆ ಪಾರ್ಲಿಮೆಂಟಿನ ಮುಂದೆ ಬಂದವು. ಹೋದ ಜಮೀನು 68 ಲಕ್ಷ ಎಕರೆ. ರೈಲಿನ ಕಿಟಕಿಯಿಂದ ನೋಡಿ "ಆಹಾ, ಎಷ್ಟು ಚೆಂದ" ಅಂತೀವಲ್ಲ, ಆ ಹಸಿರು ಗಿಡಗಳ ಬೇಲಿಗಳು, ಅವುಗಳಲ್ಲಿ ಬಹಳಷ್ಟು ಹುಟ್ಟಿದ್ದು ಹೀಗೆ, ಬಡವನ ಹಸು ಒಳಗೆ ಬರಬಾರದು ಅಂತ.

ಕಾಲುದಾರಿಗಳು ಮಾತ್ರ ಉಳಿದುಕೊಂಡವು. ಇಂಗ್ಲೆಂಡ್ ಮತ್ತು ವೇಲ್ಸ್ ಸೇರಿ ಸುಮಾರು 2.25 ಲಕ್ಷ ಕಿಲೋಮೀಟರ್ ಸಾರ್ವಜನಿಕ ಕಾಲುದಾರಿ, ಕುದುರೆದಾರಿ ಇದೆ. ಯಾರದೋ ಗೋಧಿ ಹೊಲದ ಮಧ್ಯೆ ಹೋಗುತ್ತದೆ, ಬೇಲಿ ಬಂದಲ್ಲಿ ದಾಟಲು ಮರದ ಮೆಟ್ಟಿಲಿರುತ್ತದೆ, ನಮ್ಮ ಮಲೆನಾಡಿನ ದಣಪೆ ಇದ್ದ ಹಾಗೆ. ನೀವು ಧೈರ್ಯವಾಗಿ ನಡೆಯಬಹುದು, ಹೊಲದ ಯಜಮಾನ ಬೇಡ ಅನ್ನುವಂತಿಲ್ಲ. ಅಪ್ಪ ಮೊದಲ ದಿನ ಎಷ್ಟು ಹೇಳಿದರೂ ಒಳಗೆ ಕಾಲಿಡಲಿಲ್ಲ. "ಬೆಳೆ ತುಳಿದ್ರೆ ಬೈತಾರೆ ಕಣೋ" ಅಂತ.

## ಅಜ್ಜ ನೆನೆಸಿಕೊಳ್ಳುವುದು ಯಾವ ಕಾಲವನ್ನು?

ಈಗ ಎಪ್ಪತ್ತೈದು, ಎಂಬತ್ತು ದಾಟಿದವರು "ನಾನು ಹುಡುಗನಾಗಿದ್ದಾಗ" ಅಂದರೆ ಅದು 1950ರ ದಶಕ. ಯುದ್ಧ 1945ಕ್ಕೆ ಮುಗಿದಿತ್ತು, ಬಡತನ ಮುಗಿದಿರಲಿಲ್ಲ. 1940ರಲ್ಲಿ ಶುರುವಾದ ರೇಷನ್ 1954ರ ಜುಲೈವರೆಗೂ ನಡೆಯಿತು. ಯುದ್ಧ ಗೆದ್ದ ದೇಶದಲ್ಲಿ ಒಂಬತ್ತು ವರ್ಷ ಆದ ಮೇಲೂ ಮಾಂಸಕ್ಕೆ ರೇಷನ್ ಪುಸ್ತಕ ಹಿಡಿದು ನಿಲ್ಲಬೇಕಿತ್ತು ಅಂದರೆ ನಂಬುವುದು ಕಷ್ಟ ಅಲ್ವಾ?

ಮಕ್ಕಳ ಪಾಲಿಗೆ ದೊಡ್ಡ ದಿನ 1953ರ ಫೆಬ್ರವರಿ 5. ಅವತ್ತು ಮಿಠಾಯಿಗೆ ರೇಷನ್ ತೆಗೆದರು. ಎಂಟು ತುಂಬದ ನಮ್ಮ ಅಜ್ಜ ಅದೇ ಮೊದಲು ಚೀಟಿ ಇಲ್ಲದೆ ಅಂಗಡಿಗೆ ಹೋಗಿ ಬೇಕಾದ್ದು ಕೊಂಡದ್ದು. ಎರಡು ಪೆನ್ನಿಗೆ ಎಷ್ಟು ಬಂತು, ಯಾವ ಬಣ್ಣದ್ದು, ಯಾವುದನ್ನು ಮೊದಲು ತಿಂದೆ, ಎಲ್ಲ ಇವತ್ತಿಗೂ ಹೇಳುತ್ತಾರೆ. ಅದೇ ವರ್ಷ ಜೂನ್ 2ಕ್ಕೆ ರಾಣಿ ಎಲಿಜಬೆತ್ ಪಟ್ಟಾಭಿಷೇಕ. ಊರಲ್ಲಿ ಟಿವಿ ಇದ್ದ ಮನೆ ಒಂದೋ ಎರಡೋ. ಊರಿಗೂರೇ ಅಲ್ಲಿ ಸೇರಿತ್ತು. ನಮ್ಮಲ್ಲಿ ಎಂಬತ್ತರ ದಶಕದಲ್ಲಿ ಭಾನುವಾರ ಬೆಳಗ್ಗೆ ಟಿವಿ ಇದ್ದವರ ಮನೆ ಹೇಗಿರುತ್ತಿತ್ತು, ನೆನಪಿಸಿಕೊಳ್ಳಿ.

ಮನೆಗಳು ಈಗ ಕ್ಯಾಲೆಂಡರ್ ಚಿತ್ರದ ಹಾಗೆ ಕಾಣುತ್ತವೆ. ಆಗ ಬಹಳಷ್ಟು ಮನೆಗಳಿಗೆ ಬಚ್ಚಲೇ ಇರಲಿಲ್ಲ. ಕಕ್ಕಸು ಹಿತ್ತಲಲ್ಲಿ. ಶನಿವಾರ ರಾತ್ರಿ ಅಡುಗೆಮನೆಗೆ ತಗಡಿನ ತೊಟ್ಟಿ ತಂದು, ಬಿಸಿನೀರು ಸುರಿದು, ಅದೇ ನೀರಲ್ಲಿ ಒಬ್ಬರಾದ ಮೇಲೆ ಒಬ್ಬರ ಸ್ನಾನ. ಕೊನೆಯವನಿಗೆ ಸಿಗುತ್ತಿದ್ದದ್ದು ತಣ್ಣಗಿನ ಬಗ್ಗಡ. ಕಲ್ಲಿದ್ದಲಿನ ಬೆಂಕಿ ಒಂದೇ ಕೋಣೆಯಲ್ಲಿ. ಮಲಗುವ ಕೋಣೆಯ ಕಿಟಕಿಗೆ ಚಳಿಗಾಲದ ಬೆಳಗ್ಗೆ ಒಳಗಡೆಯೇ ಹಿಮದ ಚಿತ್ತಾರ ಮೂಡುತ್ತಿತ್ತು.

## ಒಂದು ಪೌಂಡಿಗೆ 240 ಪೆನ್ನಿ

ಹಳಬರ ನೆನಪಲ್ಲಿ ದುಡ್ಡಿನ ಲೆಕ್ಕ ಬಂದಾಗ ನಮ್ಮವರು ಕಂಗಾಲಾಗುತ್ತಾರೆ. ಅಪ್ಪ ಆಗಲಿಲ್ಲ, ಅದಕ್ಕೆ ಕಾರಣ ಮುಂದೆ ಹೇಳುತ್ತೇನೆ.

1971ರ ಫೆಬ್ರವರಿ 15ರ ತನಕ ಇಲ್ಲಿ 12 ಪೆನ್ನಿಗೆ ಒಂದು ಶಿಲ್ಲಿಂಗ್, 20 ಶಿಲ್ಲಿಂಗ್‌ಗೆ ಒಂದು ಪೌಂಡ್. ಅಂದರೆ ಪೌಂಡಿಗೆ 240 ಪೆನ್ನಿ. ಪೆನ್ನಿಯ ಕಾಲು ಭಾಗಕ್ಕೆ ಫಾರ್ದಿಂಗ್. ಎರಡೂವರೆ ಶಿಲ್ಲಿಂಗ್‌ಗೆ ಹಾಫ್ ಕ್ರೌನ್. ಶಿಲ್ಲಿಂಗ್‌ಗೆ ಆಡುಮಾತಲ್ಲಿ ಬಾಬ್. ಇಷ್ಟು ಗೊತ್ತಿದ್ದರೆ ಮುಕ್ಕಾಲು ಮಾತು ತಿಳಿಯುತ್ತದೆ.

ಯಾಕಿಷ್ಟು ತೊಡಕು ಅಂದರೆ, ಭಾಗ ಮಾಡಲು ಸುಲಭ ಅಂತ. ಹತ್ತನ್ನು ಮೂವರಿಗೆ ಸಮವಾಗಿ ಹಂಚಲಾಗುವುದಿಲ್ಲ. ಹನ್ನೆರಡನ್ನು ಇಬ್ಬರಿಗೆ, ಮೂವರಿಗೆ, ನಾಲ್ವರಿಗೆ, ಆರು ಜನಕ್ಕೆ ಹಂಚಬಹುದು. ಅಪ್ಪನಿಗೆ ಇದು ಥಟ್ಟನೆ ಹತ್ತಿದ್ದು ಯಾಕೆಂದರೆ ಅವರೂ ಆಣೆ ಕಾಲದವರು. ರೂಪಾಯಿಗೆ 16 ಆಣೆ, ಆಣೆಗೆ 4 ಪೈಸೆ, ಪೈಸೆಗೆ 3 ಪೈ. ನಮ್ಮಲ್ಲಿ ನಯಾ ಪೈಸೆ ಬಂದದ್ದು 1957ರ ಏಪ್ರಿಲ್ 1ಕ್ಕೆ, ಇಂಗ್ಲೆಂಡಿಗಿಂತ ಸುಮಾರು ಹದಿನಾಲ್ಕು ವರ್ಷ ಮೊದಲೇ. ಇದನ್ನು ಅಪ್ಪ ಬೆಂಚಿನ ಮೇಲೆ ಸ್ವಲ್ಪ ಜಂಬದಿಂದಲೇ ಹೇಳಿದರಂತೆ. ನಾವು ಇವತ್ತಿಗೂ "ಹದಿನಾರಾಣೆ ನಿಜ" ಅನ್ನುತ್ತೇವಲ್ಲ, ಹಾಗೆ ಇಲ್ಲೂ ಹಳೇ ದುಡ್ಡು ಮಾತಿನಲ್ಲಿ ಉಳಿದಿದೆ. ಯಾರಾದರೂ ಅಜ್ಜಿ "ಒಂದು ಪೆನ್ನಿ ಖರ್ಚು ಮಾಡಿ ಬರ್ತೀನಿ" ಅಂತ ಎದ್ದರೆ ಜೊತೆಗೆ ಹೊರಡಬೇಡಿ. ಶೌಚಾಲಯಕ್ಕೆ ಹೋಗಿ ಬರ್ತೀನಿ ಅಂತ ಅದರ ಅರ್ಥ. ಹಿಂದೆ ಸಾರ್ವಜನಿಕ ಶೌಚಾಲಯದ ಬಾಗಿಲಿಗೆ ಒಂದು ಪೆನ್ನಿ ಹಾಕಿದರೆ ಬೀಗ ತೆರೆಯುತ್ತಿತ್ತು.

## ಶಾಲೆ, ಹಾಲು, ಹನ್ನೊಂದರ ಪರೀಕ್ಷೆ

ಹಳ್ಳಿ ಶಾಲೆ ಅಂದರೆ ಎರಡು ಕೋಣೆ, ಇಬ್ಬರು ಟೀಚರ್, ನಡುವೆ ಒಂದು ಕಲ್ಲಿದ್ದಲಿನ ಒಲೆ. 1946ರಿಂದ ಪ್ರತಿ ಮಗುವಿಗೂ ದಿನಕ್ಕೆ ಮೂರನೇ ಒಂದು ಪೈಂಟ್ ಹಾಲು ಪುಕ್ಕಟೆ. ಸುಮಾರು 190 ಮಿಲಿಲೀಟರ್, ಪುಟ್ಟ ಗಾಜಿನ ಬಾಟಲಿಯಲ್ಲಿ. ಯುದ್ಧ ಕಾಲದ ಮಕ್ಕಳು ಬಡಕಲಾಗಬಾರದು ಅಂತ ಸರ್ಕಾರ ಮಾಡಿದ ಏರ್ಪಾಡು. ಚಳಿಗಾಲದಲ್ಲಿ ಬಾಟಲಿ ಹೆಪ್ಪುಗಟ್ಟಿ ಬರುತ್ತಿತ್ತು, ಒಲೆ ಪಕ್ಕ ಸಾಲಾಗಿ ಇಡುತ್ತಿದ್ದರು, ಬೆಚ್ಚಗಾಗಿ ಅದಕ್ಕೊಂದು ವಾಸನೆ ಬರುತ್ತಿತ್ತು. ಆ ವಾಸನೆ ನೆನೆಸಿಕೊಂಡರೆ ಅಜ್ಜನಿಗೆ ಈಗಲೂ ಹಾಲು ಬೇಡ. ಅಪ್ಪನಿಗೋ, ಶಾಲೆಯಲ್ಲಿ ಕೊಡುತ್ತಿದ್ದ ಅಮೆರಿಕದ ಹಾಲಿನ ಪುಡಿ, ಹಳದಿ ಉಪ್ಪಿಟ್ಟು ನೆನಪಾಗಿ ಅವತ್ತು ಇಬ್ಬರ ಮಾತು ಮುಗಿಯಲೇ ಇಲ್ಲ. 1971ರಲ್ಲಿ ಏಳು ವರ್ಷ ದಾಟಿದ ಮಕ್ಕಳಿಗೆ ಈ ಹಾಲು ನಿಂತಿತು. ಆಗ ಶಿಕ್ಷಣ ಮಂತ್ರಿಯಾಗಿದ್ದವರು ಮಾರ್ಗರೆಟ್ ಥ್ಯಾಚರ್. "ಹಾಲು ಕಸಿದವಳು" ಅನ್ನೋ ಹೆಸರು ಅವರಿಗೆ ಅಂಟಿಕೊಂಡದ್ದು ಹೀಗೆ.

ಮನೆಗೆ ಬರುವ ಹಾಲಿಗೆ ಬೇರೆಯೇ ಕಥೆ. ಹಾಲಿನವನು ಬೆಳಗಿನ ಜಾವ ಬಾಗಿಲ ಮುಂದೆ ಬಾಟಲಿ ಇಟ್ಟು ಹೋಗುತ್ತಿದ್ದ. ಮುಚ್ಚಳ ತೆಳ್ಳನೆಯ ಬೆಳ್ಳಿಹಾಳೆಯಂಥದ್ದು. ಆಗಿನ ಹಾಲಲ್ಲಿ ಕೆನೆ ಮೇಲೆ ಬಂದು ಬಾಟಲಿಯ ಕತ್ತಿನಲ್ಲಿ ನಿಲ್ಲುತ್ತಿತ್ತು. ಬ್ಲೂ ಟಿಟ್ ಅಂತ ಗುಬ್ಬಚ್ಚಿಗಿಂತ ಚಿಕ್ಕ ಹಕ್ಕಿ, ನೀಲಿ ತಲೆ, ಹಳದಿ ಹೊಟ್ಟೆ. ಮನೆಯವರು ಏಳುವ ಮೊದಲೇ ಬಂದು ಮುಚ್ಚಳ ಕುಕ್ಕಿ ತೂತು ಮಾಡಿ ಕೆನೆ ತಿಂದು ಹೋಗುತ್ತಿತ್ತು. ಸೌತಾಂಪ್ಟನ್ ಹತ್ತಿರ 1921ರಲ್ಲಿ ಇದು ಮೊದಲು ಕಣ್ಣಿಗೆ ಬಿತ್ತು. ಆಮೇಲೆ ಒಂದನ್ನು ನೋಡಿ ಒಂದು ಕಲಿತು ದೇಶವಿಡೀ ಹಕ್ಕಿಗಳಿಗೆ ಇದೇ ಚಾಳಿ ಆಯಿತು, ವಿಜ್ಞಾನಿಗಳು ಇದರ ಮೇಲೆ ಸಂಶೋಧನೆಯನ್ನೇ ಮಾಡಿದರು. ಈಗ ಕೆನೆ ಬೇರೆಯಾಗದ ಹಾಲು ಪ್ಲಾಸ್ಟಿಕ್ ಕ್ಯಾನಿನಲ್ಲಿ ಬರುತ್ತದೆ. ಹಕ್ಕಿಗಳೂ ಆ ವಿದ್ಯೆ ಮರೆತಿವೆ.

ಹನ್ನೊಂದು ವರ್ಷ ಆದಾಗ ಇಲೆವೆನ್ ಪ್ಲಸ್ ಅಂತ ಒಂದು ಪರೀಕ್ಷೆ. 1944ರ ಶಿಕ್ಷಣ ಕಾನೂನಿನ ನಂತರ ಬಂದ ವ್ಯವಸ್ಥೆ. ಸುಮಾರಾಗಿ ನಾಲ್ಕರಲ್ಲಿ ಒಬ್ಬ ಪಾಸಾಗಿ ಗ್ರಾಮರ್ ಸ್ಕೂಲಿಗೆ, ಅಂದರೆ ಮುಂದೆ ಕಾಲೇಜು, ಆಫೀಸು ಕೆಲಸದ ಕಡೆಗೆ. ಮಿಕ್ಕವರಲ್ಲಿ ಬಹುಪಾಲು ಸೆಕೆಂಡರಿ ಮಾಡರ್ನ್‌ಗೆ, ಹದಿನೈದಕ್ಕೆ ಶಾಲೆ ಬಿಟ್ಟು ಹೊಲಕ್ಕೋ ಫ್ಯಾಕ್ಟರಿಗೋ. ಒಂದೇ ಬೆಂಚಲ್ಲಿ ಕೂತವರು ಒಂದು ಬೆಳಗ್ಗೆ ಬರೆದ ಪರೀಕ್ಷೆಯಿಂದ ಬೇರೆ ಬೇರೆ ಬಸ್ಸು ಹತ್ತುತ್ತಿದ್ದರು. ಬೇರೆ ಸಮವಸ್ತ್ರ, ಬೇರೆ ಗೆಳೆಯರು. ಅಜ್ಜ ಫೇಲಾದರು, ಅವರ ಜೀವದ ಗೆಳೆಯ ಪಾಸಾದ. ಈ ಮಾತು ಬಂದಾಗ ಮಾತ್ರ ಅವರು ನಗುವುದಿಲ್ಲ. 1965ರ ನಂತರ ಬಹುತೇಕ ಕಡೆ ಈ ಪದ್ಧತಿ ನಿಧಾನಕ್ಕೆ ಹೋಯಿತು.

## ಇನ್ನು ಕಾಂಕರ್

ಸೆಪ್ಟೆಂಬರ್ ಕೊನೆಗೆ ಹಾರ್ಸ್ ಚೆಸ್ಟ್‌ನಟ್ ಮರದಿಂದ ಮುಳ್ಳು ಮುಳ್ಳಾದ ಹಸಿರು ಕಾಯಿ ಉದುರುತ್ತದೆ. ಒಡೆದರೆ ಒಳಗೆ ಕಂದು ಬಣ್ಣದ ಬೀಜ, ಈಗಷ್ಟೇ ಪಾಲಿಶ್ ಹೊಡೆದ ಟೇಬಲ್ಲಿನ ಹಾಗೆ ಮಿರಮಿರ. ದೊಡ್ಡ ನೆಲ್ಲಿಕಾಯಿ ಗಾತ್ರ. ತಿನ್ನಬಾರದು, ವಿಷ. ಅದೇ ಕಾಂಕರ್.

ಆಟ ಹೀಗೆ: ಬೀಜಕ್ಕೆ ತೂತು ಕೊರೆದು ದಾರ ಪೋಣಿಸಿ ಗಂಟು ಹಾಕು. ಒಬ್ಬ ತನ್ನದನ್ನು ದಾರದಲ್ಲಿ ತೂಗುಬಿಟ್ಟು ಕೈ ಅಲ್ಲಾಡಿಸದೆ ನಿಲ್ಲುತ್ತಾನೆ. ಇನ್ನೊಬ್ಬ ತನ್ನದರಿಂದ ಬೀಸಿ ಹೊಡೆಯುತ್ತಾನೆ. ಸರದಿ ಮೇಲೆ ಸರದಿ. ಯಾರದ್ದು ಒಡೆಯುತ್ತದೋ ಅವನು ಸೋತ. ಗುರಿ ತಪ್ಪಿದರೆ ಗೆಣ್ಣಿಗೆ ಏಟು, ಅದು ಆಟದ ಒಂದು ಭಾಗವೇ.

ಮಜಾ ಇರುವುದು ಲೆಕ್ಕದಲ್ಲಿ. ಗೆಲುವು ಹುಡುಗನದ್ದಲ್ಲ, ಬೀಜದ್ದು. ಒಂದನ್ನು ಒಡೆದ ಬೀಜ ಒಂದರದ್ದು, ಇನ್ನೊಂದನ್ನು ಒಡೆದರೆ ಎರಡರದ್ದು. ಆದರೆ ನಿಮ್ಮ ಎರಡರ ಬೀಜ ಎದುರಾಳಿಯ ಐದರ ಬೀಜವನ್ನು ಒಡೆದರೆ, ಅದರ ಐದೂ ನಿಮಗೆ ಸೇರುತ್ತದೆ, ಈ ಗೆಲುವಿಗೆ ಇನ್ನೊಂದು. ಅಂದರೆ ಎರಡು, ಐದು, ಒಂದು, ಒಟ್ಟು ಎಂಟು. ಒಂದು ಹಳೇ ಒಣಕಲು ಬೀಜ ಊರ ಹುಡುಗರ ಎಲ್ಲ ಗೆಲುವನ್ನೂ ನುಂಗಿಕೊಂಡು ಇಪ್ಪತ್ತರದ್ದೋ ಮೂವತ್ತರದ್ದೋ ಆಗಿ ಕೂರಬಹುದು. ಅದರ ಯಜಮಾನ ಆ ವಾರ ಶಾಲೆಗೇ ದೊರೆ.

ಹಾಗಾಗಿ ಮೋಸವೂ ಇತ್ತು. ಬೀಜವನ್ನು ವಿನಿಗರ್‌ನಲ್ಲಿ ನೆನೆಹಾಕುವುದು, ಅಮ್ಮನಿಗೆ ಕಾಣದಂತೆ ಓವನ್ನಿನಲ್ಲಿ ಸುಡುವುದು, ಹೋದ ವರ್ಷದ್ದನ್ನು ಕಪಾಟಿನಲ್ಲಿ ಬಚ್ಚಿಟ್ಟು ಕಲ್ಲಿನಂತಾದ ಮೇಲೆ ಹೊಸದು ಅಂತ ತರುವುದು. ತಪ್ಪೋ ಸರಿಯೋ ಅನ್ನೋ ಚರ್ಚೆ ಇವತ್ತಿಗೂ ಮುಗಿದಿಲ್ಲ. 1965ರಿಂದ ನಾರ್ಥಾಂಪ್ಟನ್‌ಶೈರ್‌ನಲ್ಲಿ ಇದಕ್ಕೆ ವಿಶ್ವ ಚಾಂಪಿಯನ್‌ಶಿಪ್ ನಡೆಯುತ್ತದೆ, ಅಲ್ಲಿ ಬೀಜ ಮನೆಯಿಂದ ತರುವಂತಿಲ್ಲ, ಅವರೇ ಕೊಡುತ್ತಾರೆ.

## ವರ್ಷ ತಿರುಗುವ ಬಗೆ

ಕಾಂಕರ್ ಮುಗಿಯುವಷ್ಟರಲ್ಲಿ ನವೆಂಬರ್ 5. 1605ರಲ್ಲಿ ಗೈ ಫಾಕ್ಸ್ ಅನ್ನುವವನೂ ಅವನ ಕಡೆಯವರೂ ಪಾರ್ಲಿಮೆಂಟನ್ನು ಸಿಡಿಮದ್ದಿನಿಂದ ಉಡಾಯಿಸಲು ಹೋಗಿ ಸಿಕ್ಕಿಬಿದ್ದರು. ಅದರ ನೆನಪಿಗೆ ದೊಡ್ಡ ಬೆಂಕಿ, ಪಟಾಕಿ. ಮಕ್ಕಳು ಹಳೇ ಬಟ್ಟೆಗೆ ಹುಲ್ಲು ತುಂಬಿ ಅವನ ಗೊಂಬೆ ಮಾಡಿ, ಕೈಗಾಡಿಯಲ್ಲಿ ಕೂರಿಸಿಕೊಂಡು ಮನೆಮನೆಗೂ ಕಾಸು ಕೇಳುತ್ತಿದ್ದರು. ಕೊನೆಗೆ ಗೊಂಬೆ ಬೆಂಕಿಗೆ. ನಮ್ಮ ಕಾಮದಹನ ನೋಡಿದವರಿಗೆ ಹೆಚ್ಚು ವಿವರಣೆ ಬೇಡ.

ಬೇಸಿಗೆಯಲ್ಲಿ ಗ್ರೀನಿನ ಮೇಲೆ ಕ್ರಿಕೆಟ್. ಹ್ಯಾಂಪ್‌ಶೈರ್‌ನ ಹ್ಯಾಂಬಲ್ಡನ್ ಅನ್ನೋ ಹಳ್ಳಿಯ ಕ್ಲಬ್ 1760ರ, 1770ರ ದಶಕಗಳಲ್ಲಿ ಇಡೀ ದೇಶದ ಕ್ರಿಕೆಟ್‌ಗೆ ದೊಡ್ಡಣ್ಣ ಆಗಿತ್ತು. ಅದರ ಮೈದಾನದ ಎದುರು ಈಗಲೂ ಬ್ಯಾಟ್ ಅಂಡ್ ಬಾಲ್ ಅನ್ನೋ ಪಬ್ ಇದೆ. ಪಬ್ ಅಂದ ತಕ್ಷಣ ನಮ್ಮವರು ಬಾರ್ ಅಂದುಕೊಂಡು ಮುಖ ಸಿಂಡರಿಸುತ್ತಾರೆ. ಹಳ್ಳಿ ಪಬ್ ಹೆಚ್ಚು ಕಡಿಮೆ ನಮ್ಮ ಅರಳಿಕಟ್ಟೆ, ಬಿಯರ್ ಸಿಗುವ ಅರಳಿಕಟ್ಟೆ. ಹದಿನಾಲ್ಕರ ಒಳಗಿನ ಮಕ್ಕಳನ್ನು ಬಾರಿಗೆ ಬಿಡುತ್ತಿರಲಿಲ್ಲ. ಅಪ್ಪ ಒಳಗೆ, ಮಗ ಹೊರಗಿನ ಮೆಟ್ಟಿಲ ಮೇಲೆ, ಕೈಯಲ್ಲಿ ಲೆಮನೇಡು ಮತ್ತು ಆಲೂಗಡ್ಡೆ ಚಿಪ್ಸ್ ಪೊಟ್ಟಣ. ಆ ಪೊಟ್ಟಣದೊಳಗೆ ನೀಲಿ ಕಾಗದದಲ್ಲಿ ತಿರುಚಿ ಕಟ್ಟಿದ ಚಿಟಿಕೆ ಉಪ್ಪು. ಅದನ್ನು ಹುಡುಕಿ, ಬಿಚ್ಚಿ, ಉದುರಿಸಿ, ಪೊಟ್ಟಣದ ಬಾಯಿ ಹಿಡಿದು ಕುಲುಕಬೇಕು. ಈ ನೀಲಿ ಕಾಗದದ ವಿಷಯ ಹೇಳದ ಒಬ್ಬ ಹಿರಿಯರನ್ನೂ ನಾನು ಇಲ್ಲಿ ಕಂಡಿಲ್ಲ.

ಭಾನುವಾರ ಎಲ್ಲ ಬಂದ್. ದೊಡ್ಡ ಅಂಗಡಿಗಳು ಭಾನುವಾರ ತೆರೆಯುವ ಕಾನೂನು ಬಂದದ್ದೇ 1994ರಲ್ಲಿ. ಕೇಳುತ್ತಿದ್ದದ್ದು ಗಂಟೆ ಮಾತ್ರ. ಇಲ್ಲಿನ ಚರ್ಚ್ ಗಂಟೆ ರಾಗ ನುಡಿಸುವುದಿಲ್ಲ, ಲೆಕ್ಕ ನುಡಿಸುತ್ತದೆ. ಆರು ಗಂಟೆ ಇದ್ದರೆ ಆರು ಜನ ಹಗ್ಗ ಹಿಡಿದು, ಪ್ರತಿ ಸುತ್ತಿಗೂ ಕ್ರಮ ಬದಲಿಸುತ್ತಾ ಬಾರಿಸುತ್ತಾರೆ. ಆರು ಗಂಟೆಗಳನ್ನು 720 ಬೇರೆ ಬೇರೆ ಕ್ರಮದಲ್ಲಿ ಬಾರಿಸಬಹುದು, ಒಂದೂ ಮರುಕಳಿಸದ ಹಾಗೆ. ಕಾಗದ ನೋಡುವಂತಿಲ್ಲ, ಎಲ್ಲ ತಲೆಯಲ್ಲೇ.

ಮತ್ತೆ 1963ರ ಚಳಿ. 1962ರ ಕ್ರಿಸ್‌ಮಸ್ ಮರುದಿನ ಬಿದ್ದ ಹಿಮ ಮಾರ್ಚ್ ತನಕ ಕರಗಲಿಲ್ಲ. 1740ರಿಂದೀಚೆಗೆ ಅಷ್ಟು ಕೊರೆಯುವ ಚಳಿಗಾಲ ಇಂಗ್ಲೆಂಡಿಗೆ ಬಂದಿರಲಿಲ್ಲ. ಕೆಂಟ್ ತೀರದಲ್ಲಿ ಸಮುದ್ರವೇ ಹೆಪ್ಪುಗಟ್ಟಿತ್ತು.

## ಬಟನ್ ಎ, ಬಟನ್ ಬಿ

ಊರಿನ ಕೆಂಪು ಫೋನ್ ಡಬ್ಬಿಯೊಳಗೆ ಎರಡು ಗುಂಡಿ ಇರುತ್ತಿದ್ದವು. ಮೊದಲು ಪೆನ್ನಿ ಹಾಕಬೇಕು. ಆಚೆಯವರು ಎತ್ತಿದರೆ ಎ ಒತ್ತು, ಕಾಸು ಒಳಗೆ ಬಿದ್ದು ನಿನ್ನ ಮಾತು ಅವರಿಗೆ ಕೇಳುತ್ತದೆ. ಎತ್ತದಿದ್ದರೆ ಬಿ ಒತ್ತು, ಕಾಸು ವಾಪಸ್. ಎಷ್ಟೋ ಜನ ಅವಸರದಲ್ಲಿ ಬಿ ಒತ್ತುವುದನ್ನು ಮರೆಯುತ್ತಿದ್ದರು. ಅದಕ್ಕೇ ಊರ ಮಕ್ಕಳೆಲ್ಲ ಡಬ್ಬಿ ದಾಟಿ ಹೋಗುವಾಗ ಒಳಗೆ ನುಗ್ಗಿ ಒಮ್ಮೆ ಬಿ ಒತ್ತಿ ನೋಡುವುದು ಧರ್ಮ. ನಮ್ಮೂರ ಡಬ್ಬಿಯಲ್ಲಿ ಈಗ ಫೋನಿಲ್ಲ. 2008ರಿಂದ ಫೋನ್ ಕಂಪನಿ ಬೇಡವಾದ ಡಬ್ಬಿಗಳನ್ನು ಒಂದು ಪೌಂಡಿಗೆ ಊರಿಗೇ ಕೊಡುತ್ತಿದೆ. ಕೆಲವು ಪುಸ್ತಕದ ಕಪಾಟಾಗಿವೆ, ಕೆಲವದರಲ್ಲಿ ಹೃದಯ ನಿಂತವರಿಗೆ ಶಾಕ್ ಕೊಡುವ ಯಂತ್ರ ಇಟ್ಟಿದ್ದಾರೆ.

## ಹಾಗಾದರೆ ಕಳೆದುಹೋದದ್ದು ಏನು?

ಅಪ್ಪ ಕೇಳಿದ ಒಳ್ಳೆಯ ಪ್ರಶ್ನೆ ಇದು. "ಮನೆಗಳು ಹಾಗೇ ಇವೆ, ಚರ್ಚ್ ಇದೆ, ಬಯಲಿದೆ, ಪಬ್ ಇದೆ. ಇವರು 'ಊರು ಹೋಯ್ತು' ಅಂತಾರಲ್ಲ, ಏನು ಹೋಯ್ತು?"

ಶುರುವಾದದ್ದು ಟ್ರ್ಯಾಕ್ಟರಿನಿಂದ. ಕವೆಂಟ್ರಿಯಲ್ಲಿ 1946ರಿಂದ 1956ರ ತನಕ ಫರ್ಗುಸನ್ ಅನ್ನೋ ಬೂದು ಬಣ್ಣದ ಪುಟ್ಟ ಟ್ರ್ಯಾಕ್ಟರ್ 5 ಲಕ್ಷಕ್ಕೂ ಹೆಚ್ಚು ತಯಾರಾದವು. 1947ರ ಕೃಷಿ ಕಾನೂನು ಬೆಳೆಗೆ ಬೆಲೆ ಖಾತ್ರಿ ಮಾಡಿತು, ರೈತರ ಕೈಗೆ ಯಂತ್ರ ಕೊಳ್ಳಲು ದುಡ್ಡು ಬಂತು. ಕುದುರೆ ಹೋಯಿತು. ಕುದುರೆ ನೋಡಿಕೊಳ್ಳುವವನು, ಲಾಳ ಬಡಿಯುವ ಕಮ್ಮಾರ, ಗಾಡಿ ಮಾಡುವ ಬಡಗಿ, ಸುಗ್ಗಿಗೆ ಬರುವ ಆಳುಗಳು, ಒಬ್ಬರ ಹಿಂದೆ ಒಬ್ಬರಿಗೆ ಕೆಲಸ ಇಲ್ಲವಾಯಿತು. ನಮ್ಮ ಕಡೆಯ ಹುಡುಗರೆಲ್ಲ ಆಕ್ಸ್‌ಫರ್ಡ್ ಪಕ್ಕದ ಕೌಲಿ ಕಾರ್ ಫ್ಯಾಕ್ಟರಿಗೆ ಹೋದರು. ಸಂಬಳ ಜಾಸ್ತಿ, ಮಳೆಯಲ್ಲಿ ನೆನೆಯಬೇಕಿಲ್ಲ. ಅಜ್ಜನೂ ಹೋದರು.

ಆಮೇಲೆ ಡಾಕ್ಟರ್ ಬೀಚಿಂಗ್. ರೋಗಿ ನೋಡುವ ಡಾಕ್ಟರಲ್ಲ, ಭೌತಶಾಸ್ತ್ರದಲ್ಲಿ ಡಾಕ್ಟರೇಟ್ ಮಾಡಿದವರು, ರೈಲ್ವೆ ಮಂಡಳಿಯ ಮುಖ್ಯಸ್ಥರು. ರೈಲ್ವೆ ನಷ್ಟದಲ್ಲಿತ್ತು. ಲೆಕ್ಕ ಹಾಕಿ ನೋಡಿದರೆ, ದೇಶದ ಮೂರನೇ ಒಂದು ಭಾಗ ಹಳಿಗಳ ಮೇಲೆ ಓಡಾಡುತ್ತಿದ್ದದ್ದು ನೂರಕ್ಕೆ ಒಬ್ಬ ಪ್ರಯಾಣಿಕ. 1963ರ ಮಾರ್ಚ್‌ನಲ್ಲಿ ಅವರ ವರದಿ ಬಂತು: 2,363 ಸ್ಟೇಷನ್, ಸುಮಾರು 5,000 ಮೈಲಿ ಮಾರ್ಗ ಮುಚ್ಚಿ. ಎಲ್ಲವನ್ನೂ ಮುಚ್ಚಲಿಲ್ಲ, ಅವರಿಗಿಂತ ಮೊದಲೇ ಮುಚ್ಚಿದ್ದವೂ ಇದ್ದವು, ಆದರೆ ಬೈಗುಳ ಪೂರಾ ಅವರ ಪಾಲಿಗೇ ಬಂತು. ನೀವು ವಾಕಿಂಗ್ ಹೋಗುವ ದಾರಿ ಎಲ್ಲೂ ಏರಿಳಿತವಿಲ್ಲದೆ, ನೇರವಾಗಿ, ಸಣ್ಣ ಇಟ್ಟಿಗೆ ಸೇತುವೆಗಳ ಕೆಳಗೆ ಹೋಗುತ್ತಿದ್ದರೆ ಅದು ಹಳೇ ರೈಲು ಹಾದಿ ಇರಬಹುದು.

ಖಾಲಿಯಾದ ಮನೆಗಳು ಆಗ ಅಗ್ಗ. ಕಾರಿದ್ದ ಪೇಟೆಯವರು ಬಂದು ಕೊಂಡರು. ಅವರು ಕೆಲಸಕ್ಕೆ ಪೇಟೆಗೆ ಹೋಗುತ್ತಾರೆ, ಬರುವಾಗ ಸೂಪರ್‌ಮಾರ್ಕೆಟ್ಟಿನಿಂದ ಸಾಮಾನು ತರುತ್ತಾರೆ. ಊರ ಅಂಗಡಿಗೆ ವ್ಯಾಪಾರ ಇಲ್ಲ. ಬಸ್ಸು ಹತ್ತುವವರಿಲ್ಲ, ಬಸ್ಸು ನಿಂತಿತು. ಬಸ್ಸಿಲ್ಲದೆ ಕಾರಿಲ್ಲದವರು ಇರಲಾರರು, ಅವರೂ ಹೊರಟರು. ಮಕ್ಕಳು ಕಡಿಮೆಯಾಗಿ ಶಾಲೆಗೆ ಬೀಗ. 2007ರ ಹೊತ್ತಿಗೆ ಸರ್ಕಾರ 2,500ರಷ್ಟು ಅಂಚೆ ಕಚೇರಿ ಮುಚ್ಚುವ ಯೋಜನೆ ತಂದಾಗ ಹಳ್ಳಿಗಳಲ್ಲಿ ಮುಚ್ಚಲು ಉಳಿದದ್ದೇ ಅದು.

ಇದರ ನಡುವೆ ಊರಿನ ರೂಪ ಮಾತ್ರ ಕೆಡದಂತೆ ಕಾನೂನು ಕಾವಲು ಕೂತಿತು. 1947ರಿಂದ ಮನೆ ಕಟ್ಟಲು ಅನುಮತಿ ಬೇಕು. 1967ರಿಂದ ಚೆಂದದ ಊರುಗಳಿಗೆ ಸಂರಕ್ಷಿತ ಪ್ರದೇಶ ಅನ್ನೋ ಪಟ್ಟ. ಹೊಸ ಮನೆ ಏಳುವುದಿಲ್ಲ, ಹಳೇ ಮನೆಗೆ ಗಿರಾಕಿ ಹೆಚ್ಚು, ಬೆಲೆ ಮುಗಿಲಿಗೆ. ಹುಲ್ಲಿನ ಮಾಡು ಹಿಂದೆ ಬಡವನ ಗುರುತು. ಈಗ ಅದನ್ನು ಹೊದಿಸಲು ಉದ್ದ ಕಾಂಡದ ಹಳೇ ತಳಿಯ ಗೋಧಿಯನ್ನು ಬೇರೆಯೇ ಬೆಳೆಸುತ್ತಾರೆ, ಯಾಕಂದರೆ ಕಂಬೈನ್ ಯಂತ್ರದಲ್ಲಿ ಹಾದ ಹುಲ್ಲು ಪುಡಿಯಾಗಿ ಕೆಲಸಕ್ಕೆ ಬರುವುದಿಲ್ಲ. ಎದುರು ಮನೆ ಅಜ್ಜ ಹುಟ್ಟಿದ ಮನೆ ಚರ್ಚಿನ ಹಿಂದೆ ಈಗಲೂ ಇದೆ. ಲಂಡನ್ನಿನ ಒಂದು ಕುಟುಂಬ ಶನಿವಾರ ಭಾನುವಾರ ಬಂದು ಹೋಗುತ್ತದೆ. ನಮ್ಮ ಹಳ್ಳಿಗಳಲ್ಲಿ ಹೆಂಚಿನ ಮನೆ ಹೋಗಿ ಆರ್‌ಸಿಸಿ ಬಂತು, ಮನೆತನಗಳು ಅಲ್ಲೇ ಇವೆ. ಇಲ್ಲಿ ಮನೆಗಳು ಉಳಿದವು, ಮನೆತನಗಳು ಹೋದವು. ಅಪ್ಪ ಇದನ್ನು ಕೇಳಿ ಸ್ವಲ್ಪ ಹೊತ್ತು ಏನೂ ಮಾತಾಡಲಿಲ್ಲ.

ಮರಗಳೂ ಹೋದವು. ಹಳೇ ಚಿತ್ರಗಳಲ್ಲಿ ಬೇಲಿಗುಂಟ ಕಾಣುವ ಎತ್ತರದ ಎಲ್ಮ್ ಮರಗಳಿಗೆ 1960ರ ದಶಕದ ಕೊನೆಗೆ, ಹಡಗಿನಲ್ಲಿ ಬಂದ ದಿಮ್ಮಿಗಳ ಜೊತೆ ಶಿಲೀಂಧ್ರ ರೋಗ ಬಂತು. ಎರಡೂವರೆ ಕೋಟಿಗೂ ಹೆಚ್ಚು ಮರ ಒಣಗಿದವು.

## ಎಲ್ಲವೂ ಚೆನ್ನಾಗಿತ್ತಾ?

ಇಲ್ಲ. ಅಜ್ಜನೇ ಹೇಳುತ್ತಾರೆ. ಹೊಲದಾಳುಗಳ ಮನೆ ಯಜಮಾನನದ್ದಾಗಿರುತ್ತಿತ್ತು. ಕೆಲಸ ಹೋದರೆ ಮನೆಯೂ ಹೋಯಿತು. ಇವರಿಗೆ ಕಾನೂನಿನ ಆಸರೆ ಗಟ್ಟಿಯಾಗಿ ಸಿಕ್ಕಿದ್ದು 1976ರಲ್ಲಿ. ಅಲ್ಲಿಯ ತನಕ ಯಜಮಾನನಿಗೆ ಎದುರು ಮಾತಾಡುವ ಧೈರ್ಯ ಯಾರಿಗಿತ್ತು? ಶಾಲೆಯಲ್ಲಿ ಬೆತ್ತದ ಏಟು. ಊರಲ್ಲಿ ಯಾರು ಏನು ಮಾಡಿದರೂ ಸಂಜೆಯೊಳಗೆ ಎಲ್ಲರಿಗೂ ಗೊತ್ತು. ಅವರ ಅಕ್ಕ ಹದಿನೆಂಟಕ್ಕೆ ಲಂಡನ್ನಿಗೆ ಹೋದವರು ಕ್ರಿಸ್‌ಮಸ್‌ಗೆ ಬಿಟ್ಟರೆ ಮತ್ತೆ ಬರಲೇ ಇಲ್ಲವಂತೆ. ಊರಿನ ನೆನಪು ಅವರಿಗೆ ಸಿಹಿಯಾಗಿರಲಿಲ್ಲ.

ಹೋದ ವಾರ ಗ್ರೀನಿನ ಮರದ ಕೆಳಗೆ ಈ ವರ್ಷದ ಮೊದಲ ಕಾಯಿಗಳು ಬಿದ್ದಿದ್ದವು. ಅಪ್ಪ ಒಂದನ್ನು ಕಾಲಿನಲ್ಲಿ ಒತ್ತಿ ಬಿಡಿಸಿ, ಬೀಜವನ್ನು ಪಂಚೆಗೆ ಒರೆಸಿ ಅಜ್ಜನ ಕೈಗಿಟ್ಟು, ನಿಮ್ಮದು ಎಷ್ಟರದ್ದಾಗಿತ್ತು ಅಂತ ಕೇಳಿದರಂತೆ.

"ಮೂವತ್ತೇಳು" ಅಂದರಂತೆ ಅಜ್ಜ, ಒಂದು ಕ್ಷಣವೂ ಯೋಚಿಸದೆ. ಆಮೇಲೆ ಆ ಕಡೆ ಈ ಕಡೆ ನೋಡಿ ದನಿ ತಗ್ಗಿಸಿ, "ಓವನ್ನಿನಲ್ಲಿ ಇಟ್ಟಿದ್ದೆ. ಯಾರಿಗೂ ಹೇಳಿರಲಿಲ್ಲ."